ಕಂಟ್ರೋಲರ್ ಮಾವನ ಮೌನ

ನಮ್ಮ ಮಾವ ಒಬ್ಬರ ಕಿವಿಯಲ್ಲಿ ಹೇಳಿದ ಗುಟ್ಟನ್ನು ಕೇಳಿಸಿಕೊಂಡು ಇನ್ನೊಬ್ಬರು ಇಂಡಿ ಬಸ್ಸು ಹತ್ತಿ ಕುಳಿತದ್ದುಂಟು! ಉತ್ಪ್ರೇಕ್ಷೆ ಎನ್ನುತ್ತೀರಾ? ಅನ್ನಿ. ನೀವು ಅವನ ದನಿ ಕೇಳಿಲ್ಲ. ಕೇಳಿದ್ದರೆ ಇಷ್ಟು ಹೊತ್ತಿಗೆ ನೀವೂ ಚೀಲ ಎತ್ತಿಕೊಂಡು ಎದ್ದು ನಿಂತಿರುತ್ತಿದ್ದಿರಿ.

ಮಾವ ಎಂದರೆ ನನ್ನ ಸೋದರತ್ತೆಯ ಗಂಡ. ಒಂದು ಕಡೆ ಸಿಂದಗಿ, ಒಂದು ಕಡೆ ಇಂಡಿ, ಇನ್ನೊಂದು ಕಡೆ ಮುದ್ದೇಬಿಹಾಳ, ಮತ್ತೊಂದು ಕಡೆ ಬಸವನ ಬಾಗೇವಾಡಿ, ಹೀಗೆ ನಾಲ್ಕೂ ದಿಕ್ಕಿಗೆ ಬಸ್ಸು ಬಿಡುವ ನಮ್ಮ ಸಣ್ಣ ಊರಿನ ಬಸ್‌ಸ್ಟ್ಯಾಂಡಿನಲ್ಲಿ ಅವನು ಕಂಟ್ರೋಲರ್. ಯಾವ ಬಸ್ಸು ಎಷ್ಟಕ್ಕೆ ಬಂತು, ಎಷ್ಟಕ್ಕೆ ಹೋಯಿತು ಎಂದು ಟ್ರಿಪ್ ಶೀಟಿನಲ್ಲಿ ಬರೆದಿಡುವುದು, ಮೈಕಿನಲ್ಲಿ ಕೂಗುವುದು ಅವನ ಕೆಲಸ. ಆ ಮೈಕು ಕೆಟ್ಟು ಎರಡು ವರ್ಷವಾಗಿತ್ತು. ಅದು ಯಾರಿಗೂ ಗೊತ್ತಾಗಿರಲಿಲ್ಲ. ಮಾವನಿಗೂ!

ಅತ್ತೆಯ ತವರು ಕನ್ನೊಳ್ಳಿ. ಸಿಂದಗಿಗೆ ಹೋಗುವ ಎಕ್ಸ್‌ಪ್ರೆಸ್ ಬಸ್ಸಿಗೆ ಅಲ್ಲಿ ನಿಲುಗಡೆ ಇರಲಿಲ್ಲ. ಆದರೆ ಮದುವೆಯಾದ ಹೊಸದರಲ್ಲಿ ಮಾವ ತನ್ನ ಹೆಂಡತಿಯನ್ನು ಮೆಚ್ಚಿಸಲು "ಕನ್ನೊಳ್ಳೀ, ಸಿಂದಗೀ" ಎಂದು ಕೂಗಿಯೇಬಿಟ್ಟ. ಕೂಗಿದ ಮೇಲೆ ಕನ್ನೊಳ್ಳಿಯವರು ಹತ್ತಿ ಕೂತರು, ಕೂತವರನ್ನು ಇಳಿಸುವುದು ಯಾರು? ಡ್ರೈವರ್ ಬೈಯುತ್ತ ಅಲ್ಲಿ ನಿಲ್ಲಿಸಿದ. ಅಂದಿನಿಂದ ಎಕ್ಸ್‌ಪ್ರೆಸ್ ಬಸ್ಸು ಕನ್ನೊಳ್ಳಿಯಲ್ಲಿ ನಿಲ್ಲುತ್ತದೆ. ಸರಕಾರಕ್ಕೆ ಇದು ಇನ್ನೂ ಗೊತ್ತಿಲ್ಲ.

ಮನೆಯಲ್ಲಿ ಅವನ ಮಾತಿಗೆ ಒಂದೇ ಬ್ರೇಕು, ಅತ್ತೆ. ಅವಳು "ಸಾಕ್ರಿ" ಎಂದರೆ ಸಾಕು, ಅರ್ಧ ವಾಕ್ಯದಲ್ಲಿ ನಿಂತುಬಿಡುತ್ತಿದ್ದ. ಊರಿಗೆ ಎಸ್.ಟಿ.ಡಿ. ಬೂತು ಬಂದ ವರ್ಷ, ಬೇಸಿಗೆ ಹತ್ತುವ ಮೊದಲು, ಅತ್ತೆಗೆ ಲಕ್ವಾ ಹೊಡೆಯಿತು. ಬಲಗೈ ಬಿತ್ತು, ಮಾತು ನಿಂತಿತು. ಬಿಜಾಪುರದ ಡಾಕ್ಟರು ಮನೆಗೆ ಕಳಿಸುವಾಗ ಮಾವನಿಗೆ ಒಂದು ಸಲಹೆ ಕೊಟ್ಟರು: "ಅವರ ಜೊತಿ ಮಾತಾಡ್ಕೋತ ಇರ್ರಿ. ಒಮ್ಮೊಮ್ಮೆ ಮಾತು ತಿರುಗಿ ಬರ್ತಾವ."

ಯಾರಿಗೆ ಹೇಳಿದರು ನೋಡಿ! ಕುಣಿಯುವವನ ಕಾಲಿಗೆ ಗೆಜ್ಜೆ ಕಟ್ಟಿದಂತಾಯಿತು. ಬೆಳಿಗ್ಗೆ ಅತ್ತೆಗೆ ಮುಖ ತೊಳೆಸುವಾಗ ಮಾತು, ಗಂಜಿ ಕುಡಿಸುವಾಗ ಮಾತು, ಡ್ಯೂಟಿ ಮುಗಿಸಿ ಬಂದು ಸೀರೆ ಬದಲಿಸುವಾಗ ಮಾತು. ಪೇಪರಿನ ಸುದ್ದಿ, ಡ್ರೈವರುಗಳ ಜಗಳ, ಟಯರಿನ ಸ್ಥಿತಿಗತಿ. ಹತ್ತು ದಿನಕ್ಕೆ ಅತ್ತೆ ಗೋಡೆ ಕಡೆ ಹೊರಳಿದಳು. ಮತ್ತೆ ಈ ಕಡೆ ತಿರುಗಲಿಲ್ಲ.

ಮಕ್ಕಳಿಲ್ಲದ ಮನೆ. ನಾನು ಎರಡು ಓಣಿ ಆಚೆ ಇದ್ದು ಅಲ್ಲಿನ ಶಾಲೆಯಲ್ಲಿ ಟೀಚರ್ ಆಗಿದ್ದೆ. ಸಾಯಂಕಾಲ ಹೋಗಿ ರೊಟ್ಟಿ ಬಡಿದು ಕೊಡುತ್ತಿದ್ದೆ. ಮೂರು ತಿಂಗಳಲ್ಲಿ ಮಾವನ ಅಂಗಿ ಅವನಿಗೆ ಎರಡು ಸುತ್ತು ದೊಡ್ಡದಾಗಿತ್ತು. ಒಂದು ದಿನ ದಣಿವಿನಲ್ಲಿ ಮುದ್ದೇಬಿಹಾಳಕ್ಕೆ ಹೊರಟಿದ್ದ ಮದುವೆ ದಿಬ್ಬಣವನ್ನು ಇಂಡಿ ಕಡೆಯ ಝಳಕಿ ಬಸ್ಸಿಗೆ ಹತ್ತಿಸಿಬಿಟ್ಟ. ಇವನ ದನಿಯ ಮೇಲೆ ಜನರಿಗೆ ಎಷ್ಟು ನಂಬಿಕೆ ಎಂದರೆ, ಬೋರ್ಡು ಓದಲು ಬರುವ ಮದುಮಗನೂ ತುಟಿಪಿಟಕ್ಕೆನ್ನದೆ ಝಳಕಿಗೆ ಹೋದ!

ಆ ಭಾನುವಾರ ಮಾವ ಚರ್ಚಿಗೆ ಹೋಗಿ ಪಾಪನಿವೇದನೆಗೆ ಕೂತ. ನಮ್ಮದು ಹತ್ತು ಹನ್ನೆರಡು ಕ್ರೈಸ್ತ ಮನೆಗಳ ಸಣ್ಣ ಚರ್ಚು. ಫಾದರ್ ಕರಾವಳಿಯಿಂದ ಹೊಸದಾಗಿ ಬಂದವರು, ಮೆದು ಮಾತಿನ ಮನುಷ್ಯ. ಹಿಂದೆ ಸಾಲಿನಲ್ಲಿ ನಾವು ಆರು ಜನ. ಮಾವ ತನ್ನ ಪಾಪಗಳನ್ನು ಪಿಸುಗುಟ್ಟಿದ. ನಾವು ಆರೂ ಜನ ಕೇಳಿದೆವು, ಹೊರಗೆ ಸೈಕಲ್ಲು ನಿಲ್ಲಿಸುತ್ತಿದ್ದ, ಮಕ್ಕಳಿಗೆ ಧರ್ಮಪಾಠ ಹೇಳುವ ಉಪದೇಶಿಯೂ ಕೇಳಿದ.

"ಫಾದರ್, ನಂಗ ದೇವರ ಮ್ಯಾಲ ಸಿಟ್ಟು ಬಂದೈತ್ರಿ! ಆಕಿ ಮ್ಯಾಲೂ ಬಂದೈತಿ! ಮೂರು ತಿಂಗಳಾತು, ನನ್ನ ಮಾರಿ ನೋಡವಲ್ಲಳ್ರಿ! ಒಮ್ಮೆ ಈ ಕಡೆ ಹೊಳ್ಳಿ ನೋಡಿದ್ರ ಸಾಕು, ನಾ ಬ್ಯಾರೆ ಏನೂ ಕೇಳಂಗಿಲ್ಲ!"

ಸಾಲಿನಲ್ಲಿದ್ದ ನಾವು ನೆಲ ನೋಡಿದೆವು. ಅವನಿಗೆ ಬೇಕಾಗಿದ್ದುದು ಅವಳ ಆ ಒಂದು ನೋಟ, ಅಷ್ಟೇ. ಒಳಗಿಂದ ಫಾದರ್ ದನಿ ಬಂತು. "ಸ್ವಲ್ಪ ಮೆಲ್ಲ ಮಾರಾಯ್ರೆ. ದೇವರಿಗೆ ಕಿವಿ ಸರಿ ಉಂಟು."

ಪೂಜೆ ಮುಗಿದ ಮೇಲೆ ಫಾದರ್ ಅವನನ್ನು ಬೇವಿನ ಗಿಡದ ಕೆಳಗೆ ಕೂರಿಸಿಕೊಂಡರು. "ನೀವು ತುಂಬ ದಣಿದಿದ್ದೀರಿ. ಇನ್ನು ದಿನಾ ಇಪ್ಪತ್ತು ನಿಮಿಷ ನಿಮ್ಮ ಹೆಂಡತಿ ಪಕ್ಕ ಕೂತು ಮೌನವಾಗಿರಿ. ಪ್ರಾರ್ಥನೆಯ ಮಾತೂ ಬೇಡ. ದೇವರ ಎದುರು ಸುಮ್ಮನೆ ಇರುವುದು, ಅಷ್ಟೇ."

"ಡಾಕ್ಟರ ಮಾತಾಡು ಅಂತಾನ, ನೀವು ಸುಮ್ಮ ಕೂಡು ಅಂತೀರಿ. ನಾ ಯಾರ ಮಾತು ಕೇಳ್ಲಿ?"

"ಡಾಕ್ಟರರ ಮಾತು ಮೂರು ತಿಂಗಳು ಕೇಳಿದಿರಲ್ಲ, ಈಗ ನನ್ನದು ಕೇಳಿ."

ಮರುದಿನ ಸಂಜೆ ಆರಕ್ಕೆ ಮಾವ ಮಂಚದ ಪಕ್ಕ ಕುರ್ಚಿ ಹಾಕಿದ, ಮೊಣಕಾಲ ಮೇಲೆ ಅಲಾರಂ ಗಡಿಯಾರ ಇಟ್ಟುಕೊಂಡ. ಮೌನಕ್ಕೆ ಸಿದ್ಧನಾಗಿ ಗಂಟಲು ಸರಿಮಾಡಿಕೊಂಡು ಏನು ಮಾಡಿದ ಗೊತ್ತೇ? ಘೋಷಿಸಿದ!

"ಇನ್ನ ಐದು ನಿಮಿಷದಾಗ ಮೌನ ಶುರು ಆಗ್ತೈತಿ!"

ಐದು ನಿಮಿಷವಾಯಿತು. ಹಾಲಿನವ ಬಂದ. "ಇವತ್ತಿನ ಮೌನ ಹತ್ತು ನಿಮಿಷ ತಡಾ ಐತಿ!" ಕೊನೆಗೂ ಆರೂ ಇಪ್ಪತ್ತಕ್ಕೆ ಮೌನ ಹೊರಟಿತು. ಎರಡು ನಿಮಿಷ ಆಗಿರಬೇಕು, ಪಕ್ಕದ ಮನೆಯ ಗುರುಬಾಯಿ ಹಿಟ್ಟಿನ ಕೈಯಲ್ಲೇ ಓಡಿಬಂದಳು. "ಯವ್ವಾ, ಏನಾತ? ಕಂಟ್ರೋಲರ್ ಸಾಹೇಬ್ರ ದನಿ ಇಲ್ಲ, ಏನರ ಹೆಚ್ಚುಕಡಿಮಿ ಆತೇನ?" ಅವಳ ಹಿಂದೆ ಓಣಿಯ ಮತ್ತಷ್ಟು ಮಂದಿ. ಬಾಗಿಲಲ್ಲಿ ನಿಂತು ಎಲ್ಲರೂ ಮಾವನ ಮೌನವನ್ನು ನೋಡಿದರು. ಗುರುಬಾಯಿ ಎದೆ ಮೇಲೆ ಕೈ ಇಟ್ಟುಕೊಂಡು, "ಜೀವಂತ ಅದಾರ, ಸುಮ್ಮ ಕುಂತಾರ ಅಷ್ಟ" ಎಂದು ಹಿಂದಿನವರಿಗೆ ಸುದ್ದಿ ಮುಟ್ಟಿಸಿದಳು.

ಫಾದರ್ ಸೋಲುವವರಲ್ಲ. ಮುಂದಿನ ವಾರ ಉಸಿರಿನ ಪ್ರಾರ್ಥನೆ ಹೇಳಿಕೊಟ್ಟರು. ಉಸಿರು ತೆಗೆದುಕೊಳ್ಳುವಾಗ ಮನಸ್ಸಿನಲ್ಲಿ "ಸ್ವಾಮಿ", ಬಿಡುವಾಗ "ಕರುಣಿಸು". ದಣಿದ ಮನಸ್ಸಿಗೆ ಬಹಳ ಒಳ್ಳೆಯದಂತೆ. ಮಾವ ಕಣ್ಣು ಮುಚ್ಚಿ ಹತ್ತು ಉಸಿರು ಸರಿಯಾಗಿ ಮಾಡಿದ. ಹನ್ನೊಂದನೆಯದಕ್ಕೆ ತೂಕಡಿಕೆ ಬಂತು. ಮೊದಲು ಕಂಡಕ್ಟರ್ ಆಗಿದ್ದವನಲ್ಲವೇ, ಒಳಗೆ ಎಳೆದಾಗ "ಸ್ವಾಮಿ" ಎಂದವನು ಹೊರಗೆ ಬಿಟ್ಟಾಗ "ರೈಟ್ ರೈಟ್" ಎಂದ! ಓಣಿಯಾಚೆ ಎದುರುಮನೆಯವರ ಗೂಟಕ್ಕೆ ಕಟ್ಟಿದ ಎಮ್ಮೆ ಎದ್ದು ನಿಂತಿತು. ಅತ್ತೆ ಮಾತ್ರ ಗೋಡೆ ನೋಡುತ್ತಲೇ ಇದ್ದಳು.

ಇನ್ನೇನು ದಾರಿ? ಮುದ್ದೇಬಿಹಾಳದ ಆಚೆ ಎಲ್ಲೋ ಮೂರು ದಿನದ ಮೌನಧ್ಯಾನ ನಡೆಯುತ್ತಿತ್ತು, ಫಾದರ್ ಅವನನ್ನು ಅಲ್ಲಿಗೆ ಕಳಿಸಿದರು. ನಾನು ರಜೆ ಹಾಕಿ ಅತ್ತೆಯ ಹತ್ತಿರ ಉಳಿದೆ. ಮಾವ ಮೊದಲ ದಿನ ಬಾಯಿಗೆ ಕರವಸ್ತ್ರ ಒತ್ತಿಕೊಂಡು ದಾಟಿಸಿದನಂತೆ. ಎರಡನೆಯ ದಿನ ಮಧ್ಯಾಹ್ನ ಊಟವಾದ ಮೇಲೆ ಮೂವತ್ತು ಜನ ಗಿಡದ ನೆರಳಿನಲ್ಲಿ ಕಣ್ಣು ಮುಚ್ಚಿ ದೇವರ ದನಿಗಾಗಿ ಕಾಯುತ್ತಿದ್ದರು. ಅವರಲ್ಲಿ ಮಾವ ನಿದ್ದೆಹೋದ. ನಿದ್ದೆಯಲ್ಲಿ ಕೂಗಿದ, "ತಾಳಿಕೋಟಿ ಕಡೆ ಹೋಗು ಕಡೀ ಬಸ್ಸು ನಿಂತೈತಿ, ಲಗೂ ಹತ್ರೀ!" ನಾಲ್ಕು ಜನ ಧ್ಯಾನದಿಂದ ಎದ್ದು ಚೀಲ ಹಿಡಿದು ರಸ್ತೆಗೆ ಓಡಿದರು. ಅದರಲ್ಲಿ ಒಬ್ಬರು ಧ್ಯಾನ ನಡೆಸಿಕೊಡುತ್ತಿದ್ದ ಸಿಸ್ಟರ್!

ಮಾವನನ್ನು ಅಂದೇ ಮರ್ಯಾದೆಯಿಂದ ವಾಪಸು ಕಳಿಸಿದರು. ಮನೆಗೆ ಬಂದವನು ಚಪ್ಪಲಿಯನ್ನೂ ಬಿಡದೆ ಕಟ್ಟೆಯ ಮೇಲೆ ಕುಸಿದು ಕೂತ. "ನನ್ನ ಕೈಲಿ ಆಗಂಗಿಲ್ಲ ತಂಗಿ" ಎಂದ. "ದೇವ್ರೂ ಬ್ಯಾಸತ್ತಿರಬೇಕು ನನ್ನ ದನಿಗೆ. ಆಕಿ ಗ್ವಾಡಿ ಕಡೆ ಹೊಳ್ಳಿದ್ದು ಬರೋಬರಿ ಐತಿ."

ನಾನು ಆಗ ಹೇಳಿದೆ. ನಿನ್ನೆ ಸಂಜೆ ಆರಕ್ಕೆ, ಅವನು ದಿನಾ ಡ್ಯೂಟಿಯಿಂದ ಬರುವ ಹೊತ್ತಿಗೆ, ಅತ್ತೆ ಗೋಡೆ ಬಿಟ್ಟು ಬಾಗಿಲ ಕಡೆ ಹೊರಳಿದ್ದಳು. ಕತ್ತಲಾಗುವವರೆಗೂ ನೋಡಿ ಮತ್ತೆ ಗೋಡೆ ಕಡೆ ತಿರುಗಿದಳು. ಮಾವ ನಂಬಲಿಲ್ಲ. "ನನ್ನ ಸಮಾಧಾನಕ್ಕ ಹೇಳಬ್ಯಾಡ" ಎಂದು ಎದ್ದುಹೋದ.

ಫಾದರ್ ಹತ್ತಿರ ಉಳಿದಿದ್ದುದು ಒಂದೇ ಅಭ್ಯಾಸ. ಸಂಜೆ ಕೂತು ಬೆಳಗಿನಿಂದ ಆದದ್ದನ್ನು ಒಂದೊಂದಾಗಿ ನೆನೆಯುವುದು, ಒಂದೊಂದರ ಮುಂದೂ ನಿಂತು ದೇವರಿಗೆ ಕೃತಜ್ಞತೆ ಹೇಳುವುದು. ಇದನ್ನು ಕೇಳುತ್ತಿದ್ದಂತೆ ಮಾವನ ಮುಖ ಅರಳಿತು.

"ಅಂದ್ರ ಟ್ರಿಪ್ ಶೀಟ್! ಮದ್ಲ ಹೇಳಬಾರದೇನ್ರಿ ಫಾದರ್? ಮೂವತ್ತು ವರ್ಷದಿಂದ ಅದನ್ನ ಮಾಡಾಕತ್ತೇನಿ!"

"ದಯವಿಟ್ಟು ಮೆಲ್ಲ" ಎಂದರು ಫಾದರ್.

ಅಂದಿನಿಂದ ಮಂಚದ ಪಕ್ಕ ದಿನಾ ಮಾವನ ಪ್ರಾರ್ಥನೆ ಹೀಗೆ ಸಾಗುತ್ತಿತ್ತು: "ಏಳೂ ಇಪ್ಪತ್ತು, ಇಂಡಿ, ಝಳಕಿ. ಹೊತ್ತಿಗೆ ಸರಿಯಾಗಿ ಹೋತು, ದೇವ್ರಿಗೆ ಸ್ತೋತ್ರ. ಒಂಬತ್ತಕ್ಕ ಬಾಗೇವಾಡಿ, ಕೊಲ್ಹಾರ. ಪಂಕ್ಚರ್ ಆತು, ಅದಕ್ಕೂ ಸ್ತೋತ್ರ. ಹತ್ತೂವರಿ ಮುದ್ದೇಬಿಹಾಳ. ಕಂಡಕ್ಟರ್ ನನಗ ಬೈದ, ನಾ ಎರಡು ಹೆಚ್ಚಿಗಿ ಬೈದ್ಯಾ, ಅದಕ್ಕ ಕ್ಷಮಾ ಇರಲಿ." ಫಾದರ್ ಒಮ್ಮೆ ಬಂದು ಬಾಗಿಲಲ್ಲಿ ನಿಂತು ಕೇಳಿದರು. ಇಂಥ ಜಪ ಅವರ ಯಾವ ಪಾಠದಲ್ಲೂ ಇರಲಿಲ್ಲವೆಂದು ಕಾಣುತ್ತದೆ, ಆದರೂ ಕೊನೆಗೆ "ಆಮೆನ್" ಎಂದು ಹೋದರು.

ಇಪ್ಪತ್ತು ದಿನ ಹೀಗೇ ನಡೆಯಿತು. ಆ ದಿನ ಮಾವನಿಗೆ ಜ್ವರ ಬಂದ ಹಾಗಿತ್ತು, ಕಣ್ಣು ಎಳೆಯುತ್ತಿದ್ದವು. ನಾನು ಒಲೆ ಮುಂದೆ ರೊಟ್ಟಿ ಬಡಿಯುತ್ತಿದ್ದೆ. ಒಳಗಿನಿಂದ ಕೇಳುತ್ತಿತ್ತು. "ನಾಕಕ್ಕ ಇಂಡಿ, ಝಳಕಿ, ಸ್ತೋತ್ರ. ಐದಕ್ಕ ಎಕ್ಸ್‌ಪ್ರೆಸ್... ಸಿಂದಗಿ, ಸ್ತೋತ್ರ."

ನನ್ನ ಕೈ ನಿಂತಿತು. ಮೂವತ್ತು ವರ್ಷದಲ್ಲಿ ಮೊದಲ ಸಲ ಮಾವ ಒಂದು ಸ್ಟಾಪು ಬಿಟ್ಟಿದ್ದ! ತಾನೇ ಕೂಗಿ ಹುಟ್ಟಿಸಿದ ಸ್ಟಾಪು!

ಗೋಡೆಯ ಕಡೆಯಿಂದ ಏನೋ ಗೊರಗೊರ ಸದ್ದು ಬಂತು. ಆಮೇಲೆ, ಒಡೆದ ದನಿಯಲ್ಲಿ, ಸಿಟ್ಟಿನಿಂದ: "ಕ... ಕನ್ನೊಳ್ಳಿ!"

ನಾನು ಹಿಟ್ಟಿನ ಕೈಯಲ್ಲೇ ಒಳಗೆ ಓಡಿದೆ. ಅತ್ತೆ ಎಡಗೈ ಊರಿ ಈ ಕಡೆ ಹೊರಳಿದ್ದಳು. ಗಂಡನ ಮುಖವನ್ನು ನೆಟ್ಟ ಕಣ್ಣಿನಿಂದ ನೋಡುತ್ತಿದ್ದಳು. ಆ ನೋಟದಲ್ಲಿ ಪ್ರೀತಿ ಇತ್ತು ಎಂದು ಬರೆಯಲು ನನಗೂ ಆಸೆ. ಆದರೆ ಖರೆ ಹೇಳಬೇಕಲ್ಲ, ತವರು ಮರೆತ ಗಂಡನನ್ನು ಹೆಂಡತಿ ನೋಡುವ ಹಾಗೆಯೇ ನೋಡುತ್ತಿದ್ದಳು! ಮಾವ ಬಾಯಿ ತೆರೆದ. ದನಿ ಬರಲಿಲ್ಲ. ನಾಲ್ಕು ತಾಲೂಕಿಗೆ ಕೇಳುವ ಗಂಟಲು ಅದು, ಒಂದು ಅಕ್ಷರವೂ ಹೊರಡಲಿಲ್ಲ. ಕಣ್ಣಲ್ಲಿ ಮಾತ್ರ ನೀರು ಇಳಿಯುತ್ತಿತ್ತು. ಇಪ್ಪತ್ತು ನಿಮಿಷ ಇಬ್ಬರೂ ಹಾಗೇ ಇದ್ದರು. ಅಲಾರಂ ಇಟ್ಟಿರಲಿಲ್ಲ, ನಾನೇ ಗಡಿಯಾರ ನೋಡಿದೆ.

ಅತ್ತೆಗೆ ಆಮೇಲೆ ಬಂದ ಮಾತು ಹೆಚ್ಚೇನಿಲ್ಲ. ಮಾವ ದಿನಾ ಬೇಕೆಂದೇ ಒಂದು ಊರು ಬಿಟ್ಟು ಸುಮ್ಮನೆ ಕಾಯುತ್ತಿದ್ದ. ಕೆಲವು ದಿನ ಅವಳು ತುಂಬುತ್ತಿದ್ದಳು, ಬಹಳ ದಿನ ಇಲ್ಲ. ಇಲ್ಲದ ದಿನವೂ ಅವನು ಕಾಯುತ್ತಿದ್ದ, ಒಂದು ಮಾತಾಡದೆ. ಕೊನೆಗೆ ಏಳೆಂಟು ಊರುಗಳ ಹೆಸರಾದವು, ಅಷ್ಟರಲ್ಲೇ ಅವಳು ಸಂಸಾರ ನಡೆಸಿದಳು. ನೀರು ಬೇಕಾದರೆ "ಕೊಲ್ಹಾರ", ಹಸಿವಾದರೆ "ಇಂಡಿ". ಗುರುಬಾಯಿ ಬಹಳ ಹೊತ್ತು ಕೂತರೆ "ಬಾಗೇವಾಡಿ", ಎಂದರೆ ಇನ್ನು ಹೊರಡು ಎಂದು. ನನ್ನ ರೊಟ್ಟಿ ಸೀದರೆ "ಮುದ್ದೇಬಿಹಾಳ!" ಅದು ಎಂಥ ಬೈಗುಳವಾಗಬಹುದು ಎಂದು ನಿಮಗೆ ಗೊತ್ತಾಗದು, ನೀವು ಕೇಳಿಸಿಕೊಂಡವರಲ್ಲ, ಬಿಡಿ.

ನಮ್ಮ ಕಡೆ ಅವಳ ಕಾಲದ ಹೆಂಗಸರು ಗಂಡನ ಹೆಸರು ಹಿಡಿದು ಕರೆಯುವುದಿಲ್ಲ. ಮದುವೆಯಾದಾಗಿನಿಂದ ಅವಳಿಗೆ ಅವನು "ಏನ್ರೀ" ಅಷ್ಟೇ ಆಗಿದ್ದ. ಆ "ಏನ್ರೀ" ಲಕ್ವಾದಲ್ಲಿ ಹೋಯಿತು, ಮತ್ತೆ ಬರಲೇ ಇಲ್ಲ. ಮಾವ ಬೇಕಾದಾಗ ಅತ್ತೆ ಬಾಗಿಲ ಕಡೆ ಮುಖ ಮಾಡಿ ಕರೆಯುತ್ತಿದ್ದಳು, "ಕನ್ನೊಳ್ಳಿ."

ಮಾವ ಎಲ್ಲಿದ್ದರೂ ಬಂದು ಮಂಚದ ಪಕ್ಕ ಕೂರುತ್ತಿದ್ದ. ಅವಳ ಕಿವಿಯ ಹತ್ತಿರ ಬಾಗಿ ಹೇಳುತ್ತಿದ್ದ ಉತ್ತರ, ಅದೇ ಕೋಣೆಯಲ್ಲಿದ್ದ ನನಗೂ ಸರಿಯಾಗಿ ಕೇಳುತ್ತಿರಲಿಲ್ಲ.

"ಇಲ್ಲೇ ಅದೇನಿ."