ಮಾವನವರ ಹೆಸರಿನ ಆಂಪ್ಲಿಫೈಯರ್

ಮನೆಯಲ್ಲೇ ಆಂಪ್ಲಿಫೈಯರ್ ಕಟ್ಟುವ ಹುಚ್ಚು ಹಿಡಿದವನು ಫಜೀತಿಗಳನ್ನು ಹುಡುಕಿಕೊಂಡು ಹೋಗಬೇಕಿಲ್ಲ. ಅವೇ ವಿಳಾಸ ಕೇಳಿಕೊಂಡು ಬರುತ್ತವೆ. ನಾನು ಭಾಲ್ಕಿಯವನು, ಕಾರ್ಖಾನೆಯೊಂದರಲ್ಲಿ ಸ್ಟೋರ್ ಕೀಪರ್. ಮೊದಲು ನಾಸಿಕದಲ್ಲಿದ್ದೆ, ಈಗ ಸಂಭಾಜಿನಗರದಲ್ಲಿದ್ದೇನೆ. ಹುಚ್ಚು ಮಾತ್ರ ವರ್ಗವಾಗಲಿಲ್ಲ, ಜೊತೆಗೇ ಬಂತು.

ಡಬ್ಬಿ

ಸರ್ಕ್ಯೂಟು ಸಿದ್ಧವಾಗಿತ್ತು, ಅದನ್ನು ಕೂರಿಸಲು ಲೋಹದ ಪೆಟ್ಟಿಗೆ ಬೇಕಿತ್ತು. ಪೆಟ್ಟಿಗೆ ಇಲ್ಲದಿದ್ದರೆ ಹಾಡಿನ ಹಿಂದೆಯೇ ಗುಂಯ್ ಎಂಬ ಸದ್ದು. ಅಡುಗೆಮನೆಯಲ್ಲಿ ಒಂದು ಭರ್ಜರಿ ಸ್ಟೀಲ್ ಡಬ್ಬಿ ಕಂಡಿತು. ಮದುವೆಯಲ್ಲಿ ಹೆಂಡತಿಗೆ ತವರಿನಿಂದ ಬಂದದ್ದು. ನಮ್ಮ ಕಡೆಯ ರೂಢಿಯಂತೆ ಕೊಟ್ಟ ಮಾವನವರ ಹೆಸರು ಅದರ ಮೇಲೆ ದಪ್ಪಕ್ಷರದಲ್ಲಿ ಕೊರೆದಿತ್ತು. ಮಾವನವರಿಗೂ ನನಗೂ ಅಷ್ಟಕ್ಕಷ್ಟೆ. ಅವರು ಬಂದರೆ ನಮಸ್ಕಾರ ಹೇಳಿ ಜಾರಿಕೊಳ್ಳುವುದು ನನ್ನ ಪದ್ಧತಿ. ಅವರ ಹೆಸರಿನ ಆಚೆ ಒಂದು, ಈಚೆ ಒಂದು ತೂತು ಕೊರೆದು ಗುಂಡಿಗಳನ್ನು ಕೂರಿಸಿದೆ.

ಸ್ವಿಚ್ ಹಾಕಿದೆ. ಹಾಡು ಬಂತು. ಹಾಡಿನೊಳಗೆ ಗಾಯಕಿ ಉಸಿರೆಳೆದುಕೊಂಡದ್ದೂ ಕೇಳಿಸಿತು! ನಿನ್ನೆಯವರೆಗೆ ಶಂಕರಪೋಳಿ ಇದ್ದ ಡಬ್ಬಿಯಲ್ಲಿ ಈಗ ಒಬ್ಬಳು ಉಸಿರಾಡುತ್ತಿದ್ದಾಳೆ. ನನ್ನ ಮೈ ಜುಮ್ಮೆಂದಿತು. ಜಗಳಕ್ಕೆಂದು ಸೌಟು ಹಿಡಿದು ಬಂದ ಹೆಂಡತಿಯೂ ಹಾಡು ಮುಗಿಯುವವರೆಗೆ ನಿಂತೇ ಇದ್ದಳು.

"ಹಾಡು ಭಾಳ ಚೊಲೋ ಅದ," ಎಂದಳು. "ಆದ್ರ ಕೇಳ್ರಿ. ಒಂದ್ ಸಲ ಮಂದಿ ಮುಂದ ಇದು ಗುಂಯ್ ಅಂತೋ, ಅಪ್ಪಾನ ಹೆಸರೊಂದು ಬಿಟ್ಟು ನಿಮ್ಮ ಮೇಜು, ವೈರು, ಎಲ್ಲಾ ಭಂಗಾರದವಂಗೆ." ಭಂಗಾರ ಅಂದರೆ ಚಿನ್ನವಲ್ಲ, ಗುಜರಿ.

ಕಿವಿ

ಒಂದು ವಾರಕ್ಕೆ ಡಬ್ಬಿ ಕರ್ರ್ ಎನ್ನತೊಡಗಿತು. ನಾಸಿಕದ ಪಕ್ಕದ ದೇವಳಾಲಿ ಕ್ಯಾಂಪಿನಲ್ಲಿ ರೇಡಿಯೋ ರಿಪೇರಿ ಮಾಡುವ, ಫಿರಂಗಿ ದಳದಿಂದ ನಿವೃತ್ತರಾದ ಫೌಜಿ ಅಜ್ಜನ ಬಳಿ ಒಯ್ದೆ. ಅಜ್ಜ ಮುಚ್ಚಳ ತೆಗೆಯಲೇ ಇಲ್ಲ. ಡಬ್ಬಿಗೆ ಕಿವಿ ಹಚ್ಚಿ, ಉಗುರಿನಿಂದ ನಾಲ್ಕು ಕಡೆ ಟಕ್ ಟಕ್ ಬಡಿದು, "ಎಡಗಡೆ ಮೂರನೇ ಟಾಂಕಾ ಕಚ್ಚಾ ಇದೆ" ಎಂದು ಹಿಂದಿಯಲ್ಲಿ ಹೇಳಿದರು. ತೆಗೆದು ನೋಡಿದೆ. ಎಡಗಡೆ, ಮೂರನೇ ಬೆಸುಗೆ, ಬಿಟ್ಟುಕೊಂಡಿತ್ತು! ಅವರ ಕಾಲಿಗೆ ಬೀಳಬೇಕೆನಿಸಿತು.

"ಇನ್ನೊಂದು," ಎಂದರು ಅಜ್ಜ. "ಎರಡು ಪಿನ್ನಿನ ಪ್ಲಗ್ ತೆಗೆದು ಮೂರು ಪಿನ್ನಿಂದು ಹಾಕು. ಸದ್ದನ್ನು ನೆಲಕ್ಕಿಳಿಸುವ ಅರ್ಥ್ ವೈರ್ ಇಲ್ಲದಿದ್ದರೆ ಒಂದು ದಿನ ಗುಂಯ್ ಅನ್ನುತ್ತದೆ." ನಾನು ತಲೆಯಾಡಿಸಿ, ಅಲ್ಲೇ ಮರೆತೆ.

ಅಷ್ಟರಲ್ಲಿ ಒಳಗಿನಿಂದ ಅವರ ಹೆಂಡತಿ ಬಂದು ಚಹದ ಕಪ್ಪನ್ನು ಕುಕ್ಕಿ ನನಗೆ ಹೇಳಿದರು: "ತೋಪಿನ ಸದ್ದಿಗೆ ಕಿವಿ ಹೋಗಿವೆ ಅಂತ ಮೂವತ್ತು ವರ್ಷದಿಂದ ನನ್ನನ್ನು ನಂಬಿಸಿದ್ದಾನೆ ಈ ಮನುಷ್ಯ!"

ಬಸ್ಸು

ವರ್ಗವಾದಾಗ ಡಬ್ಬಿಯನ್ನು ಲಾರಿಗೆ ಹಾಕಲು ಮನಸ್ಸು ಬರಲಿಲ್ಲ. ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡೆ. ಪಕ್ಕದಲ್ಲಿದ್ದ ಹಿರಿಯರ ಕಣ್ಣು ನಾಸಿಕದಿಂದಲೇ ಡಬ್ಬಿಯ ಮೇಲಿತ್ತು. ಯೇವಲಾ ದಾಟಿದ ಮೇಲೆ ತಮ್ಮ ಜೋಳದ ಭಾಕ್ರಿ, ಮೆಣಸಿನಕಾಯಿ ಠೇಚಾ ಬಿಚ್ಚಿ, ನಮ್ಮಿಬ್ಬರ ನಡುವೆ ಪೇಪರು ಹಾಸಿ, ನನ್ನ ಡಬ್ಬಿಗಾಗಿ ಕಾದರು. ಸಂಕೋಚವಾಗಿ ಮುಚ್ಚಳ ತೆಗೆದು ತೋರಿಸಿದೆ. ಕೆಂಪು, ಹಸಿರು, ಹಳದಿ ವೈರುಗಳು.

ಅವರು ಬಹಳ ಹೊತ್ತು ನೋಡಿದರು. ಆಮೇಲೆ ಅರ್ಧ ಭಾಕ್ರಿ ಮುರಿದು ನನ್ನ ಕೈಗಿಟ್ಟು, ಮೆಲ್ಲಗೆ ಮರಾಠಿಯಲ್ಲಿ ಕೇಳಿದರು: "ಹೆಂಡತಿ ಮುನಿಸಿಕೊಂಡಿದ್ದಾಳೇನಪ್ಪ?"

ಕೈ

ಶ್ರಾವಣ ಸೋಮವಾರ ಸಂಭಾಜಿನಗರದ ನಮ್ಮ ಮನೆಯಲ್ಲಿ ಭಜನೆ. ಬೀದರ್, ಕಲಬುರಗಿ ಕಡೆಯ ಹತ್ತು ಮನೆಯವರು, ಜೊತೆಗೆ ಪಕ್ಕದ ಮನೆಯ ಮರಾಠಿ ಕಾಕೂ. ಊರಿನಿಂದ ಬಂದಿದ್ದ ನನ್ನ ಅವ್ವ ಮೈಕಿನ ಮುಂದೆ ಕೂತಿದ್ದಳು. ಡಬ್ಬಿಯನ್ನು ಹೆಂಡತಿಯ ಪಕ್ಕದಲ್ಲೇ ಇಟ್ಟಿದ್ದೆ. ಅವ್ವ ಬಾಯಿ ತೆರೆಯುವಷ್ಟರಲ್ಲಿ ಡಬ್ಬಿ ತಾನೇ ಮೊದಲು ಹಾಡಿತು: ಗುಂಯ್!

ನನ್ನ ಮೇಜು, ವೈರು ಎಲ್ಲ ಭಂಗಾರದ ಗಾಡಿ ಹತ್ತಿದ್ದು ಕಣ್ಣಿಗೆ ಕಟ್ಟಿತು. ಹೆಂಡತಿ ನನ್ನನ್ನೊಮ್ಮೆ ದುರುಗುಟ್ಟಿ ನೋಡಿ, ಆರಿಸಲೆಂದು ಡಬ್ಬಿಗೆ ಕೈ ಹಾಕಿದಳು. ಗುಂಯ್ ನಿಂತಿತು. ಕೈ ತೆಗೆದಳು, ಗುಂಯ್. ಇಟ್ಟಳು, ನಿಶ್ಶಬ್ದ. ಅವ್ವನ ದನಿ ಮನೆ ತುಂಬಿತು. ಫೌಜಿ ಅಜ್ಜನ ಅರ್ಥ್ ವೈರಿನ ಕೆಲಸವನ್ನು ನನ್ನ ಹೆಂಡತಿ ಮಾಡುತ್ತಿದ್ದಳು! ಅವಳು ಕೈ ಎತ್ತಿದ್ದರೆ ನನ್ನ ಕತೆ ಮುಗಿಯುತ್ತಿತ್ತು, ಎತ್ತಲಿಲ್ಲ. ಅವಳ ಮೇಲೆ ಅಷ್ಟು ಪ್ರೀತಿ ನನಗೆ ಮದುವೆಯ ದಿನವೂ ಬಂದಿರಲಿಲ್ಲ.

ಕಾಲು ತಾಸಿಗೆ ಅವಳು ಪಿಸುಗುಟ್ಟಿದಳು: "ರೀ, ಕೈ ಜೋಮು ಹಿಡದದ. ನೀವು ಹಿಡೀರಿ." ಮಿಕ್ಕ ಒಂದು ತಾಸು ನಾನು ಚಕ್ಕಳಮಕ್ಕಳ ಹಾಕಿ, ಮಾವನವರ ಹೆಸರಿನ ಮೇಲೆ ಅಂಗೈಯಿಟ್ಟು, ಹೆದರಿಕೆಗೆ ಕಣ್ಣು ಮುಚ್ಚಿ ಕೂತೆ. ಮಂಗಳಾರತಿಯಾದಾಗ ಕಾಕೂ ಕಣ್ಣೊರೆಸಿಕೊಳ್ಳುತ್ತಿದ್ದರು. ಅದು ಯಾರ ಹೆಸರೆಂದು ಹೆಂಡತಿಯನ್ನು ಕೇಳಿ ತಿಳಿದು, ಡಬ್ಬಿಯ ಹೆಸರಿಗೆ ಕುಂಕುಮ ಹಚ್ಚಿ, ಎಲ್ಲರಿಗೂ ಕೇಳುವಂತೆ, "ಅಳಿಯ ಅಂದರೆ ಹೀಗಿರಬೇಕು!" ಎಂದರು.

ಮರುದಿನ ಬೆಳಿಗ್ಗೆಯೇ ಮೂರು ಪಿನ್ನಿನ ಪ್ಲಗ್ ತಂದು ಕೂತೆ. ಹೆಂಡತಿ ಬಂದು ಅದನ್ನು ಕಿತ್ತುಕೊಂಡಳು.

"ಭಂಗಾರಕ್ಕ ಹಾಕ್ತೀಯೇನ?" ಎಂದೆ, ಗಾಬರಿಯಿಂದ.

"ಇಲ್ರಿ," ಎಂದಳು. "ಬರೋ ಸೋಮವಾರ ಭಜನಿಗೆ ಅಪ್ಪಾ ಬರ್ಲಕತ್ತಾರ. ಅಲ್ಲೀತನಾ ಈ ವೈರ್ ಹಚ್ಚಬ್ಯಾಡ್ರಿ."