ಜಪಾನಿನ ತೊಟ್ಟಿಲು, ಓಬಕ್ಕನ ಒಲೆ

ಕಂಡವರ ಮನೆಯ ತೊಟ್ಟಿಲು ಎಣಿಸುವುದು ಒಂದು ಚಟ. ಕೆಲವರಿಗೆ ಪಕ್ಕದ ಮನೆಯಷ್ಟೇ ಸಾಕು. ನನಗೆ ದೇಶಗಳೇ ಬೇಕು. ಜಪಾನಿನಲ್ಲಿ ಹುಟ್ಟುವವರಿಗಿಂತ ಸಾಯುವವರೇ ಹೆಚ್ಚು, ಕೊರಿಯಾದ ಹುಡುಗಿಯರು ಮದುವೆಯೇ ಒಲ್ಲೆ ಅನ್ನುತ್ತಾರೆ, ಒಂದೇ ಸಾಕು ಎಂದು ಗದರುತ್ತಿದ್ದ ಚೀನಾ ಈಗ ಮೂರಾದರೂ ಹೆರಿ ಎನ್ನುತ್ತಿದೆ, ನೈಜರ್‌ನಲ್ಲಿ ಮಾತ್ರ ಜೋಗುಳ ನಿಂತಿಲ್ಲ. ಇದನ್ನೆಲ್ಲ ಚಳ್ಳಕೆರೆ ಬಸ್ಸಿನಲ್ಲಿ ಪಕ್ಕ ಕೂತವರಿಗೆ ಹೇಳದಿದ್ದರೆ ನನಗೆ ತಿಂದ ಅನ್ನ ಅರಗುವುದಿಲ್ಲ. "ಮೊದ್ಲು ನಿಮ್ಮ ಸ್ಕೂಲಿನ ಹುಡುಗ್ರನ್ನ ಎಣಿಸ್ಕಳ್ರಿ" ಎನ್ನುತ್ತಾಳೆ ನನ್ನ ಹೆಂಡತಿ. ಅದು ಸುಲಭದ ಲೆಕ್ಕ. ಒಂದು ಕೈಯ ಬೆರಳು ಸಾಕು.

ಪರಶುರಾಂಪುರದ ಕಡೆಯ ಒಂದು ಹಟ್ಟಿಯಲ್ಲಿ ನಾನು ಸರ್ಕಾರಿ ಶಾಲೆಯ ಮೇಷ್ಟ್ರು. ಮಕ್ಕಳು ತೀರ ಕಡಿಮೆಯಾದರೆ ಶಾಲೆಯನ್ನು ಪಕ್ಕದೂರಿನದಕ್ಕೆ ಸೇರಿಸಿಬಿಡುತ್ತಾರೆ. ಸೇರಿಸಿದರೆ ನನ್ನ ಕೂದಲೂ ಕೊಂಕುವುದಿಲ್ಲ. 'ಹೆಚ್ಚುವರಿ ಶಿಕ್ಷಕ' ಎಂಬ ಬಿರುದು ಕೊಟ್ಟು ಮೊಳಕಾಲ್ಮೂರಿನ ಕಡೆಗೆ ಎಲ್ಲಾದರೂ ಹಾಕುತ್ತಾರೆ, ಸಂಬಳ ಹಿಂದೆಯೇ ಬರುತ್ತದೆ. ಆರುವುದು ಬಿಸಿಯೂಟ ಮಾಡುವ ಓಬಕ್ಕನ ಒಲೆ. ಗಂಡ ಸತ್ತ ಮೇಲೆ ಆಕೆಯ ಬದುಕು ನಿಂತಿರುವುದೇ ಆ ಒಲೆಯ ಮೇಲೆ.

ಹಾಗಾಗಿ ಈ ಜೂನ್‌ನಲ್ಲಿ ನಾನು, ಓಬಕ್ಕ, ಒಬ್ಬ ತಮಟೆಯವನು ಮತ್ತು ಇದ್ದಬದ್ದ ಮಕ್ಕಳು ಮೆರವಣಿಗೆ ಹೊರಟೆವು. "ಮಕ್ಕಳನ್ನು ಶಾಲೆಗೆ ಸೇರಿಸಿ" ಎಂದು ಗಂಟಲು ಹರಿಯುವಂತೆ ಕೂಗಿದೆ. ತಮಟೆ ಸದ್ದಿಗೆ ನಾಯಿಗಳು ಬಂದವು, ಕುರಿಮರಿಗಳು ಬಂದವು. ಶಾಲೆಯ ವಯಸ್ಸಿನ ಮನುಷ್ಯರು ಬರಲಿಲ್ಲ. ಎಲ್ಲಾದರೂ ಬಚ್ಚಿಟ್ಟಿದ್ದಾರೋ ಎಂದು ಒಂದು ಮನೆಯೊಳಗೆ ಇಣುಕಿದರೆ ಬಾಗಿಲಲ್ಲಿದ್ದ ಅಜ್ಜಿ, "ಇದ್ರೆ ಕಳಿಸ್ದೆ ಇರ್ತೀವಾ ಮೇಷ್ಟ್ರೇ? ಹುಟ್ಟಿಲ್ಲ, ಅಷ್ಟೇಯ" ಎಂದಳು. ಬೀದಿಯ ಕೊನೆಗೆ ಒಬ್ಬ ತುಂಬು ಬಸುರಿ ಅಂಗಳ ಗುಡಿಸುತ್ತಿದ್ದಳು. ಓಬಕ್ಕ ಆಸೆಯಿಂದ ನೋಡುತ್ತ ನಿಂತಳು.

"ಇದು ನಮ್ಮ ಸ್ಕೂಲಿಗೆ ಬರಾಕೆ ಎಷ್ಟು ದಿನ ಬೇಕು ಮೇಷ್ಟ್ರೇ?"

"ಆರು ವರ್ಷ."

"ಅಲ್ಲೀಗಂಟ ಬ್ಯಾಳೆ ನೆನೆಸಿಟ್ಟಿರ್ಲಾ?"

ಆರು ವರ್ಷವಲ್ಲ, ಆರು ವಾರವೂ ಕಾಯದೆ ಆದೇಶ ಬಂತು. ಕೊನೆಯ ದಿನ ಮಕ್ಕಳ ಊಟವಾದ ಮೇಲೆ ಓಬಕ್ಕ ನನಗೂ ತಟ್ಟೆ ಇಟ್ಟು, ಅಡುಗೆಮನೆ ಪಕ್ಕದ ಶಾಲೆಯ ಗೋಡೆಗೆ ಒರಗಿ ಕೂತಳು. ನನಗೆ ಏನಾದರೂ ಸಮಾಧಾನ ಹೇಳಬೇಕಿತ್ತು, ಗೊತ್ತಿದ್ದದ್ದನ್ನೇ ಹೇಳಿದೆ.

"ಜಪಾನಿನಲ್ಲೂ ಹೀಗೇ ಶಾಲೆ ಮುಚ್ತಾ ಇದಾರೆ ಓಬಕ್ಕ."

"ಹೌದಾ? ಅಲ್ಲಿ ಅಡುಗೆಯೋಳು ಎಲ್ಲಿಗೆ ಹೋಗ್ತಾಳೆ?"

ಆ ಅಂಕಿಅಂಶ ನಾನು ಓದಿದ ಯಾವ ಪತ್ರಿಕೆಯಲ್ಲೂ ಇರಲಿಲ್ಲ. ನಾಚಿಕೆಯಾಗಿ ಗೋಡೆಯ ಕಡೆ ಮುಖ ತಿರುಗಿಸಿದೆ. ಸುಣ್ಣ ಕಿತ್ತುಹೋದ ಕಡೆ ಅವಳ ತಲೆಯ ಮೇಲೆಯೇ ಕುಟುಂಬ ಯೋಜನೆಯ ಹಳೆಯ ಅಕ್ಷರಗಳು ಇಣುಕುತ್ತಿದ್ದವು: 'ಆರತಿಗೊಬ್ಬಳು, ಕೀರ್ತಿಗೊಬ್ಬ.' ನಾನು ಹೊಸದಾಗಿ ಕೆಲಸಕ್ಕೆ ಸೇರಿದಾಗ, ಅಕ್ಷರ ದುಂಡಗಿದೆಯೆಂದು ನನ್ನ ಕೈಯಲ್ಲೇ ಬರೆಸಿದ್ದರು. ಆಗಲೂ ಇದೇ ಬೀದಿಯಲ್ಲಿ ತಮಟೆ ಬಡಿಸಿಕೊಂಡು ಅದನ್ನು ಕೂಗಿದ್ದೆ.

ಓಬಕ್ಕ ನನ್ನ ಕಣ್ಣು ಎಲ್ಲಿದೆಯೆಂದು ತಿರುಗಿ ನೋಡಿದಳು. "ನಾನು ಆಗ ಹೊಸ ಮದುವಣಗಿತ್ತಿ" ಎಂದಳು. "ನನಗೆ ಓದಾಕೆ ಬರಲ್ಲ, ನೀವೇ ಓದಿ ಹೇಳಿದ್ರಿ. ಊರೆಲ್ಲ ನಿಮ್ಮ ಮಾತು ಕೇಳ್ತು." ಹಾಗೆಂದು ನನ್ನ ತಟ್ಟೆಗೆ ಇನ್ನೊಂದು ಸೌಟು ಸಾರು ಬಿಟ್ಟಳು.

ನಾನು ಕಲಿಸಿದ ಮಗ್ಗಿ ಮರೆತವರು ಆ ಹಟ್ಟಿಯಲ್ಲಿ ಬೇಕಾದಷ್ಟು ಜನ ಇದ್ದಾರೆ, ಕಾಗುಣಿತ ಮರೆತವರೂ ಇದ್ದಾರೆ. ಇಡೀ ಸರ್ವೀಸಿನಲ್ಲಿ ಊರು ಒಂದಕ್ಷರ ಬಿಡದೆ ಕಲಿತದ್ದು ನನ್ನ ಈ ಒಂದು ಪಾಠವನ್ನು ಮಾತ್ರ.