ಮುದ್ದೆ ಅಗಿಯುವ ಅಳಿಯ

ದೇವರಾಜ್ ತಾನು ಬರೆದದ್ದನ್ನು ಒಂದು ಸಲವಾದರೂ ಓದುವ ಅಭ್ಯಾಸ ಇಟ್ಟುಕೊಂಡಿದ್ದರೆ ಈ ಪಜೀತಿಯೇ ಇರುತ್ತಿರಲಿಲ್ಲ. ಆದರೆ ಅಸಲಿಗೆ ಅವನು ಬರೆಯುತ್ತಲೂ ಇರಲಿಲ್ಲ.

ಹೊಳೆನರಸೀಪುರದ ಗೊಬ್ಬರದಂಗಡಿಯೊಂದರಲ್ಲಿ ಬಿಲ್ ಹಾಕುವ ಅವನಿಗೆ ಮಲ್ಲಿಪಟ್ಟಣದ ಮೇಘಶ್ರೀಯ ಜೊತೆ ಮದುವೆಯ ಮಾತು ನಡೆದಿತ್ತು. ಫೋನಿನಲ್ಲಿ ಒಮ್ಮೆ ಅವಳು, "ನಂಗೆ ಬರೆಯೋರು ಅಂದ್ರೆ ಬಾಳ ಇಷ್ಟ" ಎಂದುಬಿಟ್ಟಳು. ಬಿಲ್ ಬರೆಯುವುದನ್ನೂ ಬರವಣಿಗೆ ಎಂದು ಅವಳು ಒಪ್ಪುತ್ತಾಳೆಂಬ ಧೈರ್ಯ ಅವನಿಗೆ ಬರಲಿಲ್ಲ. ಮಾರನೆಯ ದಿನವೇ 'ಹೊಳೆದಂಡೆಯ ಊಟ' ಎಂಬ ಬ್ಲಾಗ್ ಶುರುಮಾಡಿ, ಬರೆಯುವ ಭಾರವನ್ನೆಲ್ಲ ಮೊಬೈಲಿನ ಎಐ ಮೇಲೆ ಹೊರಿಸಿದ. ಯಾವ ವಾರ ಯಾವ ಅಡುಗೆ, ತಲೆಬರಹ ಏನು, ಎಲ್ಲಿ ಅಜ್ಜಿಯನ್ನು ನೆನೆದು ಕಣ್ಣೀರು ಹಾಕಬೇಕು ಎಂಬುದರ ತನಕ ಅದೇ ಯೋಜನೆ ಹಾಕಿಕೊಡುತ್ತಿತ್ತು. ದೇವರಾಜನ ಪಾಲಿಗೆ ಉಳಿದದ್ದು ಒಂದು ಗುಂಡಿ ಒತ್ತುವ ಕೆಲಸ.

ಆ ಭಾನುವಾರ ಮೇಘಶ್ರೀಯ ತಂದೆ ತಿಮ್ಮಪ್ಪನವರು ನೆಂಟರೊಡನೆ ಊಟಕ್ಕೆ ಬಂದು ಲಗ್ನದ ದಿನ ಗೊತ್ತುಮಾಡುವುದಿತ್ತು. ಭಾವೀ ಮಾವನಿಗೂ ಖುಷಿಯಾಗಲಿ ಎಂದು ದೇವರಾಜ್ ಬೆಳಿಗ್ಗೆ ಹಲ್ಲುಜ್ಜುತ್ತಲೇ 'ರಾಗಿಮುದ್ದೆ ಎಂಬ ಧ್ಯಾನ' ಎಂಬ ಲೇಖನವನ್ನು ಹಾಕಿಸಿದ. ಅದರ ನಡುವೆ ಹೀಗಿತ್ತು: 'ಮುದ್ದೆಯನ್ನು ನಿಧಾನವಾಗಿ, ಚೆನ್ನಾಗಿ ಅಗಿದು ತಿನ್ನಬೇಕು. ಹಲ್ಲಿಗೆ ಸಿಗದೆ ಹೊಟ್ಟೆಗಿಳಿದರೆ ರಾಗಿಗೆ ಅವಮಾನ ಎಂದು ನನ್ನ ಅಜ್ಜಿ ಹೇಳುತ್ತಿದ್ದರು. ಇಂದು ಅಜ್ಜಿ ನಮ್ಮೊಂದಿಗಿಲ್ಲ.'

ಹಾಸನದ ಸೀಮೆಯಲ್ಲಿ ಮುದ್ದೆಯನ್ನು ಮುರಿದು, ಸಾರಿನಲ್ಲಿ ಅದ್ದಿ, ನುಂಗುತ್ತಾರೆ. ಇಲ್ಲಿ ಮಕ್ಕಳು ಮಾತು ಕಲಿಯುವ ಮೊದಲು ನುಂಗುವುದನ್ನು ಕಲಿಯುತ್ತವೆ. ಪಂಕ್ತಿಯಲ್ಲಿ ಕೂತು ಮುದ್ದೆ ಅಗಿದವನಿಗೆ ಹೆಣ್ಣು ಕೊಡುವುದಿರಲಿ, ಎರಡನೇ ಸೌಟು ಸಾರು ಹಾಕುವುದಕ್ಕೂ ಜನ ಯೋಚನೆ ಮಾಡುತ್ತಾರೆ.

ಮೊದಲು ಬಂದವರು ಎದುರುಮನೆಯ ದೊಡ್ಡಯ್ಯ. ಬಸ್ ಕಂಡಕ್ಟರಾಗಿ ನಿವೃತ್ತರಾದ ಮೇಲೆ ಬೀದಿಯ ಸುದ್ದಿಗೆಲ್ಲ ಅವರೇ ಟಿಕೆಟ್ ಹರಿಯುತ್ತಿದ್ದರು.

"ಲೇ ದೇವರಾಜ, ಇದೇನ್ಲಾ ಇದು? ಮುದ್ದೆ ಅಗೀತೀಯಾ? ಅದೇನು ಕಡ್ಲೆಪುರಿ ಅಂದ್ಕಂಡ್ಯಾ?"

ದೇವರಾಜ್ ಓದಿದ. ಬಾಯಲ್ಲಿದ್ದ ಪೇಸ್ಟನ್ನು ಅಗಿಯದೆ ನುಂಗಿದ.

ಅಷ್ಟರಲ್ಲಿ ದೊಡ್ಡಯ್ಯ ಅಡುಗೆಮನೆಯ ಬಾಗಿಲಲ್ಲಿ ನಿಂತು ಇಡೀ ಲೇಖನವನ್ನು ಗಟ್ಟಿಯಾಗಿ ಓದಿ ಮುಗಿಸಿದ್ದರು. ಒಳಗಿಂದ ಅಜ್ಜಿ ಚಿಕ್ಕಲಕ್ಷ್ಮಮ್ಮ ಕೂಗು ಹಾಕಿದರು. "ನಾನ್ಯಾವಾಗ್ಲಾ ಅಂಗಂದೆ? ಬಾಯಾಗೆ ಒಂದು ಹಲ್ಲಿಲ್ಲ, ಯಾತರಾಗೆ ಅಗೀಲಿ? ಅಜ್ಜಿ ನಮ್ಮೊಂದಿಗಿಲ್ವಂತೆ! ಇಲ್ಲೇ ಇವ್ನಿ ಕಣ್ಲಾ, ನಿನ್ನ ಬೀಗ್ರಿಗೆ ಬೆಳ್ಳುಳ್ಳಿ ಸುಲೀತಾ!"

ದೇವರಾಜ್ ಬಚ್ಚಲಿಗೆ ಓಡಿ ಎಐಯನ್ನು ತರಾಟೆಗೆ ತೆಗೆದುಕೊಂಡ. ಮುದ್ದೆಯನ್ನು ಅಗಿಯುವುದಿಲ್ಲ, ನುಂಗುತ್ತೇವೆ ಎಂದು ಟೈಪಿಸಿದ. 'ಕ್ಷಮಿಸಿ, ನೀವು ಹೇಳಿದ್ದು ಸಂಪೂರ್ಣ ಸರಿ. ತಿದ್ದಿದ್ದೇನೆ' ಎಂದು ಅದು ಬಲು ವಿನಯದಿಂದ ಉತ್ತರಿಸಿತು. ಆ ವಿನಯಕ್ಕೆ ಮನಸೋತು, ಅವನು ಮತ್ತೆ ಓದದೆ ಗುಂಡಿ ಒತ್ತಿದ.

ಕೋಳಿ ಅಂಗಡಿಗೆ ಹೋದರೆ ಅಂಗಡಿಯ ಚನ್ನಪ್ಪ ಹಲ್ಲು ಕಿರಿದ. "ಬಲಿತಿರೋ ನಾಟಿ ಹುಂಜ ಕೊಡ್ಲಾ ಸಾ? ಅಗಿಯೋರ್ಗೆ ಅದೇ ಸರಿ." ಕೋಳಿ ಹಿಡಿದು ತಿರುಗುವಷ್ಟರಲ್ಲಿ ದೊಡ್ಡಯ್ಯನ ಫೋನು. "ಲೇ, ಈಗೇನ್ಲಾ ಇಡೀ ಮುದ್ದೇನ ಒಂದೇ ಸಲ ನುಂಗ್ಬೇಕು ಅಂತ ಬರ್ದಿದ್ದೀಯಾ? ಜನ ಬದುಕ್ಬೇಕೋ ಬ್ಯಾಡ್ವೋ?"

ದೇವರಾಜ್ ರಸ್ತೆಯಲ್ಲೇ ನಿಂತು ಲೇಖನವನ್ನು ಅಳಿಸಿಹಾಕಿದ. ಆದರೆ ಮೊದಲನೆಯದರ ಫೋಟೋ ತೆಗೆದು ದೊಡ್ಡಯ್ಯ ಬೆಳಿಗ್ಗೆಯೇ ಊರಿಗೆಲ್ಲ ಹಂಚಿಯಾಗಿತ್ತು. ಅದು ಅವರಿಂದ ಅರಕಲಗೂಡಿನ ನೆಂಟರಿಗೆ, ಅಲ್ಲಿಂದ ಮಲ್ಲಿಪಟ್ಟಣಕ್ಕೆ ತಲುಪಿತ್ತು.

ಮೇಘಶ್ರೀ ಫೋನಿನಲ್ಲಿ ಪಿಸುಗುಟ್ಟಿದಳು. "ಅಪ್ಪ ಓದಿದ್ರು. ಓದಿ ಮೊಬೈಲ್ ಕೆಳಗಿಟ್ಟು ಸುಮ್ನೆ ಕೂತ್ಬುಟ್ಟವ್ರೆ. ಮುದ್ದೆ ನುಂಗೋ ಪಂದ್ಯದಲ್ಲಿ ಅವರನ್ನ ಸೋಲಿಸ್ದೋರೇ ಇಲ್ಲ, ಗೊತ್ತಲ್ವಾ? ಈ ಮದ್ವೆ ಏನಾಗ್ತದೋ ನಂಗೆ ಭಯ ಆಯ್ತದೆ ಕಣ್ರೀ."

ಮೇಘಶ್ರೀಯನ್ನು ದೇವರಾಜ್ ನಿಜವಾಗಿಯೂ ಮೆಚ್ಚಿದ್ದ. ಹೇಗಾದರೂ ಸರಿ, ಇವತ್ತು ಪಂಕ್ತಿಯಲ್ಲಿ ತಾನು ನುಂಗುವವನೆಂದು ತೋರಿಸಿಯೇ ಸಿದ್ಧ ಎಂದು ತೀರ್ಮಾನಿಸಿದ.

ಬೀಗರು ಬಂದರು. ತಿಮ್ಮಪ್ಪನವರು ಗಂಭೀರವಾಗಿ ಕೂತರು. ಎಲೆ ಹಾಕಿ ಮುದ್ದೆ ಬಡಿಸುತ್ತಿದ್ದಂತೆ ಪಂಕ್ತಿಗೆ ಪಂಕ್ತಿಯೇ ದೇವರಾಜನ ದವಡೆ ನೋಡುತ್ತಿತ್ತು. ದೊಡ್ಡಯ್ಯ ಕನ್ನಡಕ ಒರೆಸಿ ಹಾಕಿಕೊಂಡರು.

ದೇವರಾಜ್ ಮುರಿದ, ಅದ್ದಿದ, ನುಂಗಿದ. ದವಡೆ ಅಲುಗಲಿಲ್ಲ. ಒಂದು ಮುದ್ದೆ ಮುಗಿಯಿತು, ಇನ್ನೊಂದು ಬಂತು, ಮತ್ತೊಂದನ್ನು ಅವನೇ ಕೇಳಿ ಹಾಕಿಸಿಕೊಂಡ. ಕೋಳಿ ತುಂಡನ್ನು ಮಾತ್ರ ಮುಟ್ಟಲಿಲ್ಲ, ಮುಟ್ಟಿದರೆ ಅಗಿಯಬೇಕಾಗುತ್ತಿತ್ತು. ಕಣ್ಣಲ್ಲಿ ನೀರು ತುಂಬಿತು, ಸೊಂಟದ ಬೆಲ್ಟು ಕಿರುಗುಟ್ಟಿತು. ಆದರೂ ಅಜ್ಜಿಯ ಮುಖದಲ್ಲಿ ಅಭಿಮಾನ ಕಂಡು ಅವನಿಗೆ ಗೆದ್ದೆನೆನಿಸಿತು.

ತಿಮ್ಮಪ್ಪನವರ ಮುಖ ಮಾತ್ರ ಬಾಡುತ್ತಾ ಹೋಯಿತು. ತಮ್ಮ ಎಲೆಯ ಮುದ್ದೆಯನ್ನು ಅವರು ಅರ್ಧವೂ ತಿಂದಿರಲಿಲ್ಲ. ಕೈ ತೊಳೆಯುವ ನೆಪದಲ್ಲಿ ಎದ್ದು, ಅವನನ್ನು ಹಿತ್ತಲಿಗೆ ಕರೆದರು.

"ಅಳಿಯಂದ್ರೇ, ಬೆಳಿಗ್ಗೆ ನೀವು ಬರ್ದಿದ್ದು ಓದ್ದೆ."

"ತಪ್ಪಾಯ್ತು ಮಾವ. ಅದು ನಾನು ಬರ್ದಿದ್ದಲ್ಲ. ಮೊಬೈಲಲ್ಲಿ ಎಐ ಅಂತ ಒಂದದೆ, ಅದು ಬರ್ದಿದ್ದು. ನಾನು ಹುಟ್ಟಿದಾಗಿಂದ ನುಂಗೋನೇ."

"ಅದೇ ನನ್ನ ಸಂಕಟ ಕಣಪ್ಪಾ!" ತಿಮ್ಮಪ್ಪನವರು ಆಚೀಚೆ ನೋಡಿ ಮೆಲ್ಲಗೆ ಹೇಳಿದರು. "ಒಂದು ವರ್ಸದಿಂದ ನಂಗೆ ನುಂಗಕಾಯ್ತಿಲ್ಲ. ಗಂಟ್ಲಾಗೆ ಸಿಕ್ಕೊಂತದೆ. ಹಾಸನದ ಡಾಕ್ಟ್ರು ಅಗಿದು ತಿನ್ನಿ ಅಂದ್ಬುಟ್ರು. ಪಂದ್ಯದಾಗೆ ಗೆದ್ದೋನು ಮುದ್ದೆ ಅಗೀತಾನೆ ಅಂದ್ರೆ ಊರಾಗೆ ತಲೆ ಎತ್ತಕಾಯ್ತದಾ? ತ್ವಾಟದ ಪಂಪ್‌ಸೆಟ್ ಮನೆ ಬಾಗ್ಲು ಹಾಕ್ಕಂಡು ಅಗೀತೀನಿ, ಕಳ್ಳನಂಗೆ. ಇವತ್ತು ನಿಮ್ದು ಓದಿ, ದೇವ್ರೇ ನಂಗೊಬ್ಬ ಜೊತೆಗಾರನ್ನ ಕೊಟ್ಟ ಅಂತ ಒಳಗೊಳಗೇ ಕುಣಿದಾಡ್ಬುಟ್ಟೆ. ಇಲ್ಲಿ ನೋಡುದ್ರೆ ನೀವು ಕೊಕ್ಕರೆ ಮೀನು ನುಂಗ್ದಂಗೆ ನುಂಗ್ತಾ ಕೂತಿದ್ದೀರಿ!"

ದೇವರಾಜನಿಗೆ ಅಯ್ಯೋ ಅನ್ನಿಸಿತು. ಹೊಟ್ಟೆಯ ಭಾರದ ಜೊತೆಗೆ ಮನಸ್ಸೂ ಭಾರವಾಯಿತು. "ಈಗೇನ್ ಮಾಡಾನ ಹೇಳಿ ಮಾವ, ನಾನು ಮಾಡ್ತೀನಿ" ಎಂದ. ಆಡಿದ ಮೇಲೆ ಅವನಿಗೆ ಭಯವಾಯಿತು, ಏಕೆಂದರೆ ತಿಮ್ಮಪ್ಪನವರ ಮುಖ ತಟ್ಟನೆ ಅರಳಿತ್ತು.

ಅವರು ಅಳಿಯನ ಕೈ ಹಿಡಿದುಕೊಂಡೇ ಒಳಗೆ ಬಂದರು. "ಕೇಳ್ರಪ್ಪಾ ಎಲ್ರೂ. ಲಗ್ನಕ್ಕೆ ನನ್ನ ಒಪ್ಗೆ ಐತೆ. ಆದ್ರೆ ಒಂದು ಮಾತು. ನಮ್ಮ ಅಳಿಯಂದ್ರು ಬರ್ದಿದ್ದು ದಿಟ. ದಿನಾ ಅಗಿದೇ ತಿನ್ನೋದಂತೆ, ಇವತ್ತು ನಿಮ್ಗೆ ಎದ್ರಿಕೊಂಡು ನುಂಗಿದ್ದಂತೆ. ನಮ್ಮನೆ ಅಳಿಯ ಯಾರ್ಗೂ ಎದ್ರಬಾರ್ದು. ಇನ್ಮೇಲೆ ಅವ್ರು ಒಬ್ರೇ ಅಗಿಯೋದು ಬ್ಯಾಡ, ಎಲ್ಲೇ ಕೂತ್ರೂ ಜೊತೇಲಿ ನಾನೂ ಅಗೀತೀನಿ!"

ಚಿಕ್ಕಲಕ್ಷ್ಮಮ್ಮ ಮೊಮ್ಮಗನನ್ನು ಒಮ್ಮೆ ನೋಡಿ, ನಿಟ್ಟುಸಿರುಬಿಟ್ಟು, ಮತ್ತೆ ಎರಡು ಎಲೆ ಹಾಕಿ ಎರಡು ಮುದ್ದೆ ತಂದಿಟ್ಟರು.

ದೇವರಾಜ್ ಅಗಿದ. ಮುದ್ದೆ ಹಲ್ಲಿಗೆ ಮೆತ್ತಿಕೊಂಡಿತು, ಅಂಗುಳಕ್ಕೆ ಅಂಟಿಕೊಂಡಿತು, ನಾಲಿಗೆಯನ್ನು ಹಿಡಿದುಕೊಂಡಿತು. ಪಕ್ಕದಲ್ಲಿ ತಿಮ್ಮಪ್ಪನವರು ಕಣ್ಣುಮುಚ್ಚಿ, ವರ್ಷದ ಮೇಲೆ ಮೊದಲ ಸಲ ನಾಲ್ಕು ಜನರ ನಡುವೆ ಕೂತು, ನೆಮ್ಮದಿಯಾಗಿ ಮುದ್ದೆ ಮೆಲ್ಲುತ್ತಿದ್ದರು.

ದೊಡ್ಡಯ್ಯ ಮೊಬೈಲಿನಲ್ಲಿ ವಿಡಿಯೋ ತೆಗೆಯುತ್ತಾ ಟವೆಲ್ಲಿನಿಂದ ಕಣ್ಣೊರೆಸಿಕೊಂಡರು. "ನೋಡ್ರಪ್ಪಾ, ಆ ದೊಡ್ಡ ಮನುಷ್ಯ ಮಗಳ ಮುಖ ನೋಡ್ಕಂಡು ಇಂತಾ ಅಳಿಯನ್ಗೋಸ್ಕರ ಏನೇನ್ ಅನುಭವಿಸ್ತಾವ್ನೆ, ಪಾಪ!"